ಮಕ್ಕಳ ಟಿವಿಯಿಂದ ಹೌಸ್ ಆಫ್ ಲಾರ್ಡ್ಸ್‌ವರೆಗೆ: ಫ್ಲೋಯೆಲಾ ಬೆಂಜಮಿನ್ ಕಥೆಯನ್ನು ರಾಜಕೀಯವಾಗಿ ಯಾಕೆ ಓದಬೇಕು?

2023ರ ಮೇ 6ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕ ನಡೆಯಿತು. ಖಡ್ಗ, ರಾಜದಂಡ, ಉಂಗುರ ಅಂತ ಒಂದೊಂದು ವಸ್ತು ಹಿಡಿದು ಸಾಲಾಗಿ ಬಂದವರಲ್ಲಿ 73 ವರ್ಷದ ಕಪ್ಪು ಮಹಿಳೆಯೊಬ್ಬರಿದ್ದರು. ಅವರ ಕೈಯಲ್ಲಿದ್ದದ್ದು ತುದಿಯಲ್ಲಿ ಪಾರಿವಾಳ ಕೂತಿರುವ ರಾಜದಂಡ. ನ್ಯಾಯ ಮತ್ತು ಕರುಣೆಯ ಸಂಕೇತವಂತೆ ಅದು. ನಮ್ಮಲ್ಲಿ ಅದನ್ನು ಲೈವ್ ನೋಡಿದವರಿಗೆ ಅವರು ಯಾರೋ ಒಬ್ಬ ಗಣ್ಯ ಮಹಿಳೆ, ಅಷ್ಟೇ. ಆದರೆ 1970-80ರ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಬಾಲ್ಯ ಕಳೆದವರಿಗೆ ಅವರು ಬೇರೆಯೇ ಆಗಿದ್ದರು: ಶಾಲೆಗೆ ಸೇರುವ ಮುಂಚೆ ಟಿವಿಯೊಳಗಿಂದ ತಮ್ಮ ಜೊತೆ ಹಾಡಿದ, ಕಥೆ ಹೇಳಿದ, ಕೂದಲಿಗೆ ಬಣ್ಣದ ಮಣಿ ಪೋಣಿಸಿಕೊಂಡಿದ್ದ ಫ್ಲೋಯೆಲಾ.

ಫ್ಲೋಯೆಲಾ ಬೆಂಜಮಿನ್ ನಟಿ, ಗಾಯಕಿ, ಲೇಖಕಿ, ನಿರ್ಮಾಪಕಿ, ಬಿಬಿಸಿಯ ಮಕ್ಕಳ ಕಾರ್ಯಕ್ರಮದ ನಿರೂಪಕಿ. 2010ರಿಂದ ಬ್ರಿಟಿಷ್ ಸಂಸತ್ತಿನ ಮೇಲ್ಮನೆ, ಅಂದರೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದ ಸದಸ್ಯೆ. ಈ ಥರದ ಬದುಕನ್ನು ಪತ್ರಿಕೆಗಳು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತವೆ: ವಲಸೆ ಬಂದ ಬಡ ಹುಡುಗಿ ಕಷ್ಟಪಟ್ಟು ಬ್ಯಾರನೆಸ್ ಆದಳು, ಮನಸ್ಸಿದ್ದರೆ ಮಾರ್ಗ. ಓದಿ ಒಂದು ಲೈಕ್ ಒತ್ತಿ ಮುಂದೆ ಹೋಗಬಹುದು.

ಆ ಅಚ್ಚನ್ನು ಪಕ್ಕಕ್ಕಿಟ್ಟು ನೋಡಿದರೆ ಇದೇ ಬದುಕಿನಲ್ಲಿ ಮೂರು ಗಟ್ಟಿ ರಾಜಕೀಯ ಪ್ರಶ್ನೆಗಳಿವೆ. ಒಂದು, ಪರದೆಯ ಮೇಲೆ ಯಾರ ಮುಖ ಕಾಣಬೇಕು ಅಂತ ತೀರ್ಮಾನ ಮಾಡುವವರು ಯಾರು? ಎರಡು, ಲಾಭ ತರದ ಮಕ್ಕಳ ಕಾರ್ಯಕ್ರಮಕ್ಕೆ ದುಡ್ಡು ಕೊಡಬೇಕಾದವರು ಯಾರು? ಮೂರು, ನಿಮ್ಮನ್ನು ಹೊರಗಿಟ್ಟಿದ್ದ ವ್ಯವಸ್ಥೆಯೇ ಕರೆದು ಕುರ್ಚಿ ಕೊಟ್ಟರೆ, ಆ ಕುರ್ಚಿಯಲ್ಲಿ ಕೂತು ಏನು ಮಾಡಲು ಆಗುತ್ತೆ, ಏನು ಆಗಲ್ಲ?

ಪೊಲೀಸರನ್ನು ಕರೆಸಿದ ಬೀದಿ

ಫ್ಲೋಯೆಲಾ ಹುಟ್ಟಿದ್ದು 1949ರ ಸೆಪ್ಟೆಂಬರ್ 23ರಂದು, ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ. ಆಗ ಅದು ಬ್ರಿಟಿಷ್ ವಸಾಹತು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ಆಸ್ಪತ್ರೆ, ರೈಲು, ಬಸ್ಸು, ಕಾರ್ಖಾನೆಗಳಲ್ಲಿ ದುಡಿಯುವ ಕೈಗಳು ಬೇಕಾಗಿದ್ದವು. 1948ರ ಜೂನ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿದ್ದ 'ಎಂಪೈರ್ ವಿಂಡ್ರಷ್' ಹಡಗು ಟಿಲ್‌ಬರಿ ಬಂದರಿಗೆ ಬಂತು. ಅದೇ ವರ್ಷದ ಪೌರತ್ವ ಕಾಯ್ದೆ ವಸಾಹತಿನ ಜನರಿಗೂ ಬ್ರಿಟನ್ನಿನಲ್ಲಿ ಬಂದು ನೆಲೆಸುವ ಹಕ್ಕು ಕೊಟ್ಟಿತ್ತು. ಅಲ್ಲಿಂದ 1970ರ ದಶಕದ ಆರಂಭದವರೆಗೆ ಹೀಗೆ ಬಂದವರನ್ನೇ ಇವತ್ತು 'ವಿಂಡ್ರಷ್ ತಲೆಮಾರು' ಅನ್ನುವುದು.

ಫ್ಲೋಯೆಲಾ ಅವರ ಅಪ್ಪ-ಅಮ್ಮ ಮೊದಲು ಹೋದರು. ಮಕ್ಕಳಲ್ಲಿ ಕೆಲವರು ಊರಲ್ಲೇ, ಬೇರೆಯವರ ಆಶ್ರಯದಲ್ಲಿ ಉಳಿದರು. ಅಲ್ಲಿ ಅವರು ಅನುಭವಿಸಿದ್ದು ಸುಖವನ್ನಲ್ಲ. 1960ರಲ್ಲಿ, ಹತ್ತು ವರ್ಷದ ಫ್ಲೋಯೆಲಾ ಒಡಹುಟ್ಟಿದವರ ಜೊತೆ ಹಡಗು ಹತ್ತಿ ಸೌತಾಂಪ್ಟನ್‌ನಲ್ಲಿ ಇಳಿದರು. ಟ್ರಿನಿಡಾಡ್‌ನ ಶಾಲೆ ಬ್ರಿಟನ್ನೇ ತಾಯ್ನಾಡು ಅಂತ ಕಲಿಸಿತ್ತು. ತಾಯ್ನಾಡಿನ ಬೀದಿಯಲ್ಲಿ ಸಿಕ್ಕಿದ್ದು ಬೈಗುಳ. ತರಗತಿಯಲ್ಲಿ ಟ್ರಿನಿಡಾಡ್ ಧಾಟಿಯ ಇಂಗ್ಲಿಷ್ ಮಾತಾಡಬೇಡ ಅನ್ನುವ ಗದರಿಕೆ.

ಅವರು ಮತ್ತೆ ಮತ್ತೆ ಹೇಳುವ ಒಂದು ಘಟನೆ ಇದೆ. ಕುಟುಂಬ ದಕ್ಷಿಣ ಲಂಡನ್ನಿನ ಬೆಕೆನಮ್‌ನಲ್ಲಿ ಮನೆಯೊಂದನ್ನು ನೋಡಲು ಹೋಗಿತ್ತು. ಕಪ್ಪು ಜನ ಆ ಮನೆಯೊಳಗೆ ಓಡಾಡುತ್ತಿರುವುದನ್ನು ಕಂಡ ಅಕ್ಕಪಕ್ಕದವರು ಕಳ್ಳರು ನುಗ್ಗಿದ್ದಾರೆ ಅಂದುಕೊಂಡು ಪೊಲೀಸರಿಗೆ ಫೋನ್ ಮಾಡಿದರು. ಐವತ್ತು ವರ್ಷಗಳ ನಂತರ ಲಾರ್ಡ್ಸ್‌ಗೆ ನೇಮಕವಾದಾಗ ಅವರು ಇಟ್ಟುಕೊಂಡ ಬಿರುದು 'ಬ್ಯಾರನೆಸ್ ಬೆಂಜಮಿನ್ ಆಫ್ ಬೆಕೆನಮ್'. ಅದು ಯಾದೃಚ್ಛಿಕ ಆಯ್ಕೆ ಅಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನಟಿಗೆ ಸಿಗುತ್ತಿದ್ದ ಪಾತ್ರಗಳು

ಹದಿನಾರಕ್ಕೆ ಶಾಲೆ ಬಿಟ್ಟು ಬ್ಯಾಂಕ್ ಸೇರಿದ ಫ್ಲೋಯೆಲಾಗೆ ಬ್ಯಾಂಕ್ ಮ್ಯಾನೇಜರ್ ಆಗುವ ಕನಸಿತ್ತು. ಒಂದು ದಿನ ಊಟದ ಬಿಡುವಿನಲ್ಲಿ 'ಹೇರ್' ಸಂಗೀತ ನಾಟಕದ ಆಡಿಷನ್‌ಗೆ ಹೋಗಿ ಆಯ್ಕೆಯಾದರು. ಲಂಡನ್ನಿನಲ್ಲಿ 'ಹೇರ್' ತೆರೆಕಂಡಿದ್ದು 1968ರ ಸೆಪ್ಟೆಂಬರ್ 27ರಂದು. ಬ್ರಿಟನ್ನಿನ ನಾಟಕ ಸೆನ್ಸಾರ್‌ಶಿಪ್ ಕೊನೆಯಾದ ಮರುದಿನ. ಯಾಕಂದ್ರೆ ಅದರಲ್ಲಿ ವೇದಿಕೆಯ ಮೇಲೆ ನಟರು ಬೆತ್ತಲಾಗುವ ದೃಶ್ಯವಿತ್ತು. ಪಾತ್ರ ಒಪ್ಪಿಕೊಳ್ಳುವಾಗಲೇ ಫ್ಲೋಯೆಲಾ 'ನಾನು ಬಟ್ಟೆ ತೆಗೆಯಲ್ಲ' ಅಂತ ಷರತ್ತು ಹಾಕಿದ್ದರು. ಹೊಸಬಳೊಬ್ಬಳು, ಅದೂ ಕಪ್ಪು ಹುಡುಗಿ, ಆ ಕಾಲದಲ್ಲಿ ಷರತ್ತು ಹಾಕುವುದು ಸಣ್ಣ ಮಾತಲ್ಲ.

ಆಮೇಲೆ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್', 'ದಿ ಬ್ಲ್ಯಾಕ್ ಮಿಕಾಡೊ' ನಾಟಕಗಳು. ಟಿವಿಯಲ್ಲಿ ಮಹಿಳಾ ಜೈಲಿನ ಕಥೆಯ 'ವಿದಿನ್ ದೀಸ್ ವಾಲ್ಸ್', ನರ್ಸ್‌ಗಳ ಕಥೆಯ 'ಏಂಜೆಲ್ಸ್', ಪೊಲೀಸ್ ಧಾರಾವಾಹಿ 'ಡಿಕ್ಸನ್ ಆಫ್ ಡಾಕ್ ಗ್ರೀನ್'. ಜೈಲು, ಆಸ್ಪತ್ರೆ, ಪೊಲೀಸ್ ಠಾಣೆ. ಆಗಿನ ಬ್ರಿಟಿಷ್ ಟಿವಿ ಕಪ್ಪು ನಟಿಯೊಬ್ಬಳನ್ನು ಎಲ್ಲೆಲ್ಲಿ ಕಲ್ಪಿಸಿಕೊಳ್ಳಬಲ್ಲದಾಗಿತ್ತು ಅನ್ನೋದಕ್ಕೆ ಈ ಪಟ್ಟಿಯೇ ಒಂದು ನಕ್ಷೆ.

1977ರಲ್ಲಿ ಬಂದ 'ಬ್ಲ್ಯಾಕ್ ಜಾಯ್' ಬೇರೆ ಥರದ ಸಿನಿಮಾ. ಗಯಾನಾದಿಂದ ಬಂದ ಹಳ್ಳಿ ಹುಡುಗನೊಬ್ಬ ಲಂಡನ್ನಿನ ಬ್ರಿಕ್ಸ್ಟನ್‌ನಲ್ಲಿ ಕಳೆದುಹೋಗುವ ಕಥೆ. ಆಂಥೊನಿ ಸಿಮನ್ಸ್ ನಿರ್ದೇಶನ, ನಾರ್ಮನ್ ಬೀಟನ್ ಜೊತೆ ಫ್ಲೋಯೆಲಾ ಮುಖ್ಯ ಪಾತ್ರದಲ್ಲಿ. ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೂ ಅದು ಹೋಗಿತ್ತು. ಅಷ್ಟೊತ್ತಿಗಾಗಲೇ ಅವರು ಇನ್ನೊಂದು ಕೆಲಸ ಶುರು ಮಾಡಿದ್ದರು. ಕಾನ್‌ಗಿಂತ ದೊಡ್ಡ ಗುರುತು ತಂದುಕೊಟ್ಟಿದ್ದು ಆ ಕೆಲಸ.

ಕಿಟಕಿಗಳ ಮನೆ

ಬಿಬಿಸಿಯ ಎರಡನೇ ಚಾನೆಲ್ ಬಿಬಿಸಿ2 ಶುರುವಾಗಬೇಕಿದ್ದದ್ದು 1964ರ ಏಪ್ರಿಲ್ 20ರ ರಾತ್ರಿ. ಕರೆಂಟು ಕೈಕೊಟ್ಟು ಅದ್ಧೂರಿ ಉದ್ಘಾಟನೆ ಮಕಾಡೆ ಮಲಗಿತು. ಮರುದಿನ ಬೆಳಿಗ್ಗೆ 11ಕ್ಕೆ ನಿಗದಿಯಾಗಿದ್ದ ಪುಟ್ಟ ಮಕ್ಕಳ ಕಾರ್ಯಕ್ರಮವೇ ಹಾಗಾಗಿ ಆ ಚಾನೆಲ್ಲಿನ ಮೊದಲ ಕಾರ್ಯಕ್ರಮ ಆಗಿಬಿಟ್ಟಿತು. ಅದೇ 'ಪ್ಲೇ ಸ್ಕೂಲ್'.

ಜಾಯ್ ವಿಟ್ಬಿ ರೂಪಿಸಿದ ಈ ಕಾರ್ಯಕ್ರಮದ ವಿನ್ಯಾಸ ತುಂಬಾ ಸರಳ. ಇಬ್ಬರು ನಿರೂಪಕರು, ಒಂದಷ್ಟು ಗೊಂಬೆಗಳು, ಒಂದು ಗಡಿಯಾರ, ಒಂದು ಕಥೆ, ಕೆಲವು ಹಾಡು. ನಡುವೆ ಒಂದು ಕಿಟಕಿ. ದುಂಡನೆಯದ್ದೋ, ಚೌಕದ್ದೋ, ಕಮಾನಿನದ್ದೋ? ಮಕ್ಕಳು ಊಹಿಸಬೇಕು. ಕ್ಯಾಮೆರಾ ಆ ಕಿಟಕಿಯ ಮೂಲಕ ತೂರಿ ಹೊರಗೆ ಹೋದರೆ ಅಲ್ಲೊಂದು ಕಾರ್ಖಾನೆ, ತೋಟ ಅಥವಾ ರೈಲು ನಿಲ್ದಾಣದ ಪುಟ್ಟ ಚಿತ್ರ. ಸ್ಟುಡಿಯೋದಲ್ಲಿ ಮಕ್ಕಳೇ ಇರುತ್ತಿರಲಿಲ್ಲ. ನಿರೂಪಕರು ಕ್ಯಾಮೆರಾದ ಕಣ್ಣನ್ನು ನೋಡಿ, ಮನೆಯಲ್ಲಿ ಕೂತಿರುವ ಒಂದೇ ಒಂದು ಮಗುವಿನ ಜೊತೆ ಮಾತಾಡುವ ಹಾಗೆ ಮಾತಾಡಬೇಕಿತ್ತು. ಲಕ್ಷಾಂತರ ವೀಕ್ಷಕರನ್ನು 'ಮಕ್ಕಳೇ' ಅಂತ ಗುಂಪಾಗಿ ಕರೆಯುವುದಲ್ಲ, 'ನೀನು' ಅನ್ನುವುದು. ಇದೇ ಮಾದರಿಯಲ್ಲಿ 1966ರಲ್ಲಿ ಶುರುವಾದ ಆಸ್ಟ್ರೇಲಿಯಾದ 'ಪ್ಲೇ ಸ್ಕೂಲ್' ಇವತ್ತಿಗೂ ನಡೀತಿದೆ.

ಫ್ಲೋಯೆಲಾ ಈ ತಂಡ ಸೇರಿದ್ದು 1976ರಲ್ಲಿ. 1988ರಲ್ಲಿ ಕಾರ್ಯಕ್ರಮ ನಿಲ್ಲುವವರೆಗೂ ಅದರ ಜೊತೆಗಿದ್ದರು. 'ಪ್ಲೇ ಅವೇ', 'ಫಾಸ್ಟ್ ಫಾರ್ವರ್ಡ್' ಕಾರ್ಯಕ್ರಮಗಳಲ್ಲೂ ಕಾಣಿಸಿಕೊಂಡರು. 'ಪ್ಲೇ ಸ್ಕೂಲ್'ನ ಮೊದಲ ಕಪ್ಪು ಮುಖ ಅವರದಲ್ಲ. 1960ರ ದಶಕದಲ್ಲೇ ಪಾಲ್ ಡಾಂಕ್ವಾ, ನಂತರ ಡೆರೆಕ್ ಗ್ರಿಫಿತ್ಸ್ ಇದ್ದರು. ಆದರೂ ಒಂದು ಇಡೀ ತಲೆಮಾರಿನ ಬಿಳಿ ಮಕ್ಕಳಿಗೆ, ತಮ್ಮ ಮನೆಯೊಳಗೆ ಬಂದು ಆತ್ಮೀಯವಾಗಿ ಮಾತಾಡಿದ ಮೊದಲ ಕಪ್ಪು ಹೆಣ್ಣುಮಗಳು ಬಹುಶಃ ಅವರೇ. ಕಪ್ಪು ಮಕ್ಕಳಿಗಂತೂ ತಮ್ಮ ಥರದ್ದೇ ಕೂದಲು ಟಿವಿಯಲ್ಲಿ ಕಂಡಿದ್ದು ದೊಡ್ಡ ಸಂಗತಿ.

ಸಂದರ್ಭ ನೆನಪಿಟ್ಟುಕೊಳ್ಳಿ. ವಲಸಿಗರ ವಿರುದ್ಧ ವಿಷ ಕಾರಿದ ಈನಾಕ್ ಪೊವೆಲ್ ಭಾಷಣ 1968ರದ್ದು. 1977ರ ಆಗಸ್ಟ್‌ನಲ್ಲಿ ನ್ಯಾಷನಲ್ ಫ್ರಂಟ್ ಅನ್ನುವ ಜನಾಂಗದ್ವೇಷಿ ಪಕ್ಷ ದಕ್ಷಿಣ ಲಂಡನ್ನಿನ ಲೂಯಿಷಮ್‌ನಲ್ಲಿ ಮೆರವಣಿಗೆ ಹೊರಟು, ಅದನ್ನು ತಡೆಯಲು ಸಾವಿರಾರು ಜನ ಬೀದಿಗಿಳಿದಿದ್ದರು. ಇನ್ನೂ ವಿಚಿತ್ರ ಅಂದ್ರೆ, ಬಿಳಿ ಗಾಯಕರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರಂತೆ ನಟಿಸುವ 'ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ'ವನ್ನು ಬಿಬಿಸಿ 1958ರಿಂದ 1978ರವರೆಗೆ ಪ್ರಸಾರ ಮಾಡಿತ್ತು. ಅಂದರೆ ಬೆಳಿಗ್ಗೆ ಒಬ್ಬ ನಿಜವಾದ ಕಪ್ಪು ಮಹಿಳೆ ಮಕ್ಕಳಿಗೆ ಕಥೆ ಹೇಳುತ್ತಿದ್ದ ಅದೇ ಸಂಸ್ಥೆ, ಅದೇ ವರ್ಷಗಳಲ್ಲಿ, ದೊಡ್ಡವರ ಮನರಂಜನೆಗೆ ಮಸಿ ಬಳಿದ ಮುಖಗಳನ್ನು ತೋರಿಸುತ್ತಿತ್ತು.

'ಡಿಫಾಲ್ಟ್ ಸೆಟ್ಟಿಂಗ್' ಅನ್ನುವ ರಾಜಕಾರಣ

'ಪ್ಲೇ ಸ್ಕೂಲ್' ದಿನಗಳ ಬಗ್ಗೆ ಫ್ಲೋಯೆಲಾ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿರುವ ಒಂದು ಪ್ರಸಂಗ ಇಡೀ ವಿಷಯದ ತಿರುಳು ಅಂತ ನನಗನ್ನಿಸುತ್ತೆ. ಕಥೆ ಹೇಳುವಾಗ ತೋರಿಸುತ್ತಿದ್ದ ಚಿತ್ರಗಳಲ್ಲಿ ಇದ್ದವರೆಲ್ಲ ಬಿಳಿಯರು. ಒಂದೆರಡು ಕಪ್ಪು, ಏಷ್ಯನ್ ಮುಖಗಳನ್ನೂ ಬರೆಸಬಹುದಲ್ವಾ ಅಂತ ಅವರು ನಿರ್ಮಾಪಕರನ್ನು ಕೇಳಿದರು. ನಿರ್ಮಾಪಕರು ಜಗಳಕ್ಕೆ ಬರಲಿಲ್ಲ. ಅದು ತಮ್ಮ ಗಮನಕ್ಕೇ ಬಂದಿರಲಿಲ್ಲ ಅಂದರು, ಚಿತ್ರಗಳನ್ನು ಬದಲಾಯಿಸಿದರು.

'ಗಮನಕ್ಕೇ ಬಂದಿರಲಿಲ್ಲ.' ಎಂಜಿನಿಯರಿಂಗ್ ಓದಿದವರಿಗೆ ಇದು ಚೆನ್ನಾಗಿ ಗೊತ್ತಿರುವ ಸಮಸ್ಯೆ. ಸಾಫ್ಟ್‌ವೇರ್‌ನಲ್ಲಿ ಡಿಫಾಲ್ಟ್ ಸೆಟ್ಟಿಂಗ್ ಅಂತಿರುತ್ತೆ. ಯಾರೂ ಏನೂ ಆಯ್ಕೆ ಮಾಡದಿದ್ದಾಗ ಸಿಸ್ಟಂ ತಾನೇ ಒಂದು ಬೆಲೆ ಇಟ್ಟುಕೊಳ್ಳುತ್ತೆ. ಹೆಚ್ಚಿನ ಬಳಕೆದಾರರು ಅದನ್ನು ಮುಟ್ಟಲ್ಲ, ಅದೊಂದು ಆಯ್ಕೆ ಅಂತಲೂ ಅವರಿಗೆ ಗೊತ್ತಿರಲ್ಲ. ಆದರೆ ಹಿಂದೆ ಯಾರೋ ಕೂತು ಅದನ್ನು ಬರೆದಿರುತ್ತಾರೆ. ಬಿಬಿಸಿಯ ಡಿಫಾಲ್ಟ್ ಬಣ್ಣ ಬಿಳಿ ಆಗಿತ್ತು. ಅದಕ್ಕೆ ಯಾರ ದ್ವೇಷವೂ ಬೇಕಿರಲಿಲ್ಲ. ಕೋಣೆಯಲ್ಲಿ ಇದ್ದವರೆಲ್ಲ ಒಂದೇ ಥರದವರಾಗಿದ್ದರೆ ಸಾಕು.

ಪ್ರಾತಿನಿಧ್ಯದ ಬಗ್ಗೆ ನಾವು ವಾದ ಮಾಡುವಾಗ ಇಲ್ಲೇ ಎಡವುತ್ತೇವೆ. 'ಪರದೆ ಮೇಲೆ ಒಬ್ಬರನ್ನು ಕೂರಿಸಿದ್ರಲ್ಲ, ಇನ್ನೇನು?' ಅನ್ನುವ ಪ್ರಶ್ನೆ ಬರುತ್ತೆ. ಪರದೆ ಮೇಲೆ ಕೂತವರಿಗೆ 'ಈ ಚಿತ್ರ ಹೀಗ್ಯಾಕಿದೆ?' ಅಂತ ಕೇಳುವ ಜಾಗವೂ ಇದ್ದರೆ ಮಾತ್ರ ಡಿಫಾಲ್ಟ್ ಬದಲಾಗುವುದು. ಇಲ್ಲದಿದ್ದರೆ ಅದು ಅಲಂಕಾರ ಅಷ್ಟೇ. 1986ರಲ್ಲಿ 'ಪ್ಲೇ ಸ್ಕೂಲ್'ನ ಹಳೆಯ ಗೊಂಬೆ ಹ್ಯಾಂಬಲ್ ನಿವೃತ್ತಿಯಾಗಿ ಆ ಜಾಗಕ್ಕೆ ಪಾಪಿ ಅನ್ನುವ ಕಪ್ಪು ಗೊಂಬೆ ಬಂತು. ಕಾರ್ಯಕ್ರಮ ಶುರುವಾಗಿ ಆಗಲೇ 22 ವರ್ಷ ಆಗಿತ್ತು. ಇಂಥ ಬದಲಾವಣೆ ಎಷ್ಟು ನಿಧಾನ ಅನ್ನೋದಕ್ಕೆ ಬೇರೆ ಲೆಕ್ಕ ಬೇಡ.

1987ರಲ್ಲಿ ಫ್ಲೋಯೆಲಾ ಗಂಡನ ಜೊತೆ ಸೇರಿ ಸ್ವಂತ ನಿರ್ಮಾಣ ಸಂಸ್ಥೆ ಶುರು ಮಾಡಿದರು. ಕೇಳುವ ಜಾಗದಿಂದ ತೀರ್ಮಾನಿಸುವ ಜಾಗಕ್ಕೆ ಹೋಗುವ ಹೆಜ್ಜೆ ಅದು. ತಮ್ಮ ವಲಸೆಯ ಬಾಲ್ಯದ ಬಗ್ಗೆ ಅವರು ಬರೆದ 'ಕಮಿಂಗ್ ಟು ಇಂಗ್ಲೆಂಡ್' ಪುಸ್ತಕ ಬ್ರಿಟಿಷ್ ಶಾಲೆಗಳ ತರಗತಿಗಳಲ್ಲಿ ಓದಿಗೆ ಬಂತು, 2003ರಲ್ಲಿ ಬಿಬಿಸಿಗಾಗಿ ಸಿನಿಮಾ ಆಯಿತು. ನಟನೆಯನ್ನೂ ಬಿಡಲಿಲ್ಲ. 'ಡಾಕ್ಟರ್ ಹೂ' ಬಳಗದ ಮಕ್ಕಳ ಧಾರಾವಾಹಿ 'ದಿ ಸಾರಾ ಜೇನ್ ಅಡ್ವೆಂಚರ್ಸ್'ನಲ್ಲಿ ವಿಜ್ಞಾನಿ ಪ್ರೊಫೆಸರ್ ರಿವರ್ಸ್ ಆಗಿ ಕಾಣಿಸಿಕೊಂಡರು. ಜೈಲಿನ ಕಥೆಯಿಂದ ಪ್ರೊಫೆಸರ್ ಪಾತ್ರದವರೆಗೆ ಬರಲು ಬ್ರಿಟಿಷ್ ಟಿವಿಗೆ ಮೂರು ದಶಕ ಬೇಕಾಯಿತು. 2006ರಿಂದ 2016ರವರೆಗೆ ಎಕ್ಸೆಟರ್ ವಿಶ್ವವಿದ್ಯಾಲಯದ ಕುಲಾಧಿಪತಿ ಆಗಿದ್ದಾಗ, ಘಟಿಕೋತ್ಸವದಲ್ಲಿ ಕೈಕುಲುಕುವ ಬದಲು ವಿದ್ಯಾರ್ಥಿಗಳನ್ನು ಅಪ್ಪಿಕೊಳ್ಳುತ್ತಿದ್ದರು.

ಮಕ್ಕಳ ಟಿವಿಗೆ ದುಡ್ಡು ಯಾರದ್ದು?

ಇಲ್ಲಿಂದ ಮುಂದಿನದು ಕಾಯ್ದೆ-ದುಡ್ಡಿನ ಕಥೆ. ಸ್ವಲ್ಪ ಒಣಗಿದ ವಿಷಯ, ಆದ್ರೆ ನಿಜವಾದ ಜಗಳ ಇರೋದು ಇಲ್ಲೇ.

ಮಕ್ಕಳಿಗಾಗಿ ಸ್ಥಳೀಯವಾಗಿ ಒಳ್ಳೆಯ ಕಾರ್ಯಕ್ರಮ ಮಾಡುವುದು ದುಬಾರಿ. ವಾಪಸ್ ಬರುವ ದುಡ್ಡು ಕಡಿಮೆ. ಪುಟ್ಟ ಮಕ್ಕಳು ಕಾರು ಕೊಳ್ಳಲ್ಲ, ಸಾಲ ತಗೊಳ್ಳಲ್ಲ. ಹಾಗಾಗಿ ಜಾಹೀರಾತು ಅಂದರೆ ಆಟಿಕೆ, ಚಾಕೊಲೇಟು, ಕುರುಕಲು ತಿಂಡಿ. ಅಗ್ಗದ ದಾರಿ ಅಂದರೆ ಬೇರೆ ದೇಶದ ಕಾರ್ಟೂನ್ ತಂದು ಹಾಕುವುದು. ಮಾರುಕಟ್ಟೆಗೆ ಬಿಟ್ಟರೆ ಎಲ್ಲ ಚಾನೆಲ್‌ಗಳೂ ಅಲ್ಲಿಗೇ ಹೋಗುತ್ತವೆ. ಬ್ರಿಟನ್ನಿನಲ್ಲಿ ಹಾಗೆ ಆಗದಂತೆ ತಡೆದಿದ್ದು ನಿಯಮಗಳು. ಇಂತಿಷ್ಟು ಹೊತ್ತು ಮಕ್ಕಳ ಕಾರ್ಯಕ್ರಮ ಹಾಕಲೇಬೇಕು ಅನ್ನುವ ಷರತ್ತು ಐಟಿವಿಯಂಥ ಖಾಸಗಿ ಚಾನೆಲ್‌ಗಳ ಮೇಲೂ ಇತ್ತು.

2003ರ ಸಂವಹನ ಕಾಯ್ದೆ ಆ ಕಡ್ಡಾಯವನ್ನು ಸಡಿಲ ಮಾಡಿತು. ಅದರ ಬೆನ್ನಿಗೇ ಇನ್ನೊಂದು ತೀರ್ಮಾನ ಬಂತು. ಮಕ್ಕಳ ಬೊಜ್ಜಿನ ಸಮಸ್ಯೆ ಹೆಚ್ಚುತ್ತಿದೆ ಅಂತ, ಕೊಬ್ಬು-ಉಪ್ಪು-ಸಕ್ಕರೆ ಜಾಸ್ತಿ ಇರುವ ತಿಂಡಿಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ ಹಾಕದಂತೆ ಪ್ರಸಾರ ನಿಯಂತ್ರಕ ಆಫ್‌ಕಾಮ್ 2007ರಿಂದ ಹಂತಹಂತವಾಗಿ ನಿಷೇಧ ತಂದಿತು. ಆರೋಗ್ಯದ ದೃಷ್ಟಿಯಿಂದ ಸರಿಯಾದ ತೀರ್ಮಾನವೇ. ಆದರೆ ನಿಂತುಹೋದ ಆ ಆದಾಯದ ಜಾಗಕ್ಕೆ ಬೇರೆ ದುಡ್ಡು ಯಾರೂ ತರಲಿಲ್ಲ. ಕಡ್ಡಾಯವೂ ಇಲ್ಲ, ಲಾಭವೂ ಇಲ್ಲ ಅಂದಮೇಲೆ ಖಾಸಗಿ ಚಾನೆಲ್‌ಗಳು ಕೈಬಿಟ್ಟವು. ಸಾರ್ವಜನಿಕ ಸೇವಾ ಪ್ರಸಾರಕರು ಮಕ್ಕಳ ಕಾರ್ಯಕ್ರಮಕ್ಕೆ ಮಾಡುವ ಖರ್ಚು 2006ರಿಂದ 2017ರ ನಡುವೆ ಸುಮಾರು ಶೇ. 40ರಷ್ಟು ಕುಸಿದು, 11.6 ಕೋಟಿ ಪೌಂಡ್‌ನಿಂದ 7 ಕೋಟಿ ಪೌಂಡ್‌ಗೆ ಇಳಿಯಿತು. ಉಳಿದದ್ದರಲ್ಲಿ ಬಹುಪಾಲು ಬಿಬಿಸಿ ಒಂದರದ್ದೇ.

ಲಾರ್ಡ್ಸ್‌ನಲ್ಲಿ ಫ್ಲೋಯೆಲಾ ವರ್ಷಗಳ ಕಾಲ ಹಿಡಿದಿದ್ದು ಇದೇ ಎಳೆಯನ್ನು. 2017ರ ಡಿಜಿಟಲ್ ಎಕಾನಮಿ ಕಾಯ್ದೆ ಚರ್ಚೆಗೆ ಬಂದಾಗ, ಖಾಸಗಿ ಚಾನೆಲ್‌ಗಳ ಮಕ್ಕಳ ಕಾರ್ಯಕ್ರಮಗಳಿಗೆ ಮಾನದಂಡ ಹಾಕುವ ಅಧಿಕಾರ ಆಫ್‌ಕಾಮ್‌ಗೆ ಮತ್ತೆ ಸಿಗಬೇಕು ಅಂತ ಪಟ್ಟು ಹಿಡಿದವರಲ್ಲಿ ಅವರೂ ಒಬ್ಬರು. ಅದು ಕಾಯ್ದೆಯೊಳಗೆ ಬಂತು. 2019ರಲ್ಲಿ ಸರ್ಕಾರ ಮೂರು ವರ್ಷದ ಪ್ರಯೋಗವಾಗಿ, ಮುಖ್ಯವಾಗಿ ಮಕ್ಕಳು-ಹದಿಹರೆಯದವರ ಟಿವಿ ಕಾರ್ಯಕ್ರಮಗಳಿಗೆ 5.7 ಕೋಟಿ ಪೌಂಡ್‌ವರೆಗಿನ ನಿಧಿ ತೆರೆಯಿತು. ಖರ್ಚಾಗದೆ ಉಳಿದಿದ್ದ ಟಿವಿ ಲೈಸೆನ್ಸ್ ಶುಲ್ಕದ ಹಣ ಅದು. ನಿಂತೇ ಹೋಗಿದ್ದ ಕಡೆ ಹೊಸ ಕಾರ್ಯಕ್ರಮ ಹುಟ್ಟತೊಡಗಿತು. 2022ರ ಫೆಬ್ರವರಿಯಲ್ಲಿ ಸರ್ಕಾರ ಆ ನಿಧಿಯನ್ನು ಮುಚ್ಚಿತು, ಫ್ಲೋಯೆಲಾ ಪ್ರತಿಭಟಿಸಿದರೂ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಐಟಿವಿಯ ಮಕ್ಕಳ ಚಾನೆಲ್ ಸಿಐಟಿವಿ ಬಾಗಿಲು ಹಾಕಿ ಆನ್‌ಲೈನ್‌ಗೆ ಹೋಯಿತು.

'ಮಕ್ಕಳು ಈಗ ಯೂಟ್ಯೂಬ್ ನೋಡ್ತಾರೆ, ಟಿವಿ ಯಾರಿಗೆ ಬೇಕು?' ಅನ್ನಬಹುದು. ನಿಜ, ನೋಡ್ತಾರೆ. ಆದರೆ ಯೂಟ್ಯೂಬ್‌ನಲ್ಲಿ ಮುಂದಿನ ವಿಡಿಯೋ ಯಾವುದು ಅಂತ ತೀರ್ಮಾನಿಸುವ ಅಲ್ಗಾರಿದಂಗೆ ಗುರಿ ಒಂದೇ: ಮಗು ಅಲ್ಲೇ ಇನ್ನಷ್ಟು ಹೊತ್ತು ಇರಬೇಕು. 'ಪ್ಲೇ ಸ್ಕೂಲ್' ಮುಗಿಯುತ್ತಿತ್ತು. ಮುಗಿದ ಮೇಲೆ ಮಗು ಎದ್ದು ಹೋಗಿ ರಟ್ಟಿನ ಡಬ್ಬದಲ್ಲಿ ರೈಲು ಮಾಡಲಿ ಅನ್ನುವುದೇ ಅದರ ಉದ್ದೇಶ ಆಗಿತ್ತು. ತಂತ್ರಜ್ಞಾನ ಹೊಸದು, ಹಳೆಯದು ಅನ್ನುವ ವಾದ ಅಲ್ಲ ಇದು. ಯಾವ ಗುರಿಗಾಗಿ ಕಟ್ಟಿದ್ದು, ದುಡ್ಡು ಯಾರು ಹಾಕಿದ್ದು ಅನ್ನುವ ಪ್ರಶ್ನೆ.

ವಯಸ್ಸು ಕೇಳುವ ಗೇಟು

ಫ್ಲೋಯೆಲಾ ಹೋರಾಡಿದ ಇನ್ನೊಂದು ವಿಷಯದಲ್ಲಿ ನಮ್ಮಲ್ಲಿ ಅನೇಕರಿಗೆ ಭಿನ್ನಾಭಿಪ್ರಾಯ ಇರಬಹುದು. ಇಂಟರ್‌ನೆಟ್ಟಿನ ಅಶ್ಲೀಲ ತಾಣಗಳಿಗೆ ಮಕ್ಕಳು ಹೋಗದಂತೆ ವಯಸ್ಸಿನ ಪರಿಶೀಲನೆ ಕಡ್ಡಾಯ ಆಗಬೇಕು ಅನ್ನುವುದು ಅವರ ಬಹುಕಾಲದ ಒತ್ತಾಯ. 2017ರ ಕಾಯ್ದೆಯಲ್ಲಿ ಅದು ಬಂದರೂ 2019ರಲ್ಲಿ ಸರ್ಕಾರ ಜಾರಿ ಮಾಡದೆ ಕೈಬಿಟ್ಟಿತು. ಮತ್ತೆ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯಲ್ಲಿ ಬಂದು, 2025ರ ಜುಲೈ 25ರಿಂದ ಜಾರಿಯಾಯಿತು.

ತೊಂದರೆ ಇರುವುದು ಜಾರಿಯ ರೀತಿಯಲ್ಲಿ. ಮಗುವನ್ನು ತಡೆಯಬೇಕಾದರೆ ದೊಡ್ಡವರೆಲ್ಲ ತಾವು ದೊಡ್ಡವರು ಅಂತ ಸಾಬೀತು ಮಾಡಬೇಕು. ಗುರುತಿನ ಚೀಟಿ ಅಪ್‌ಲೋಡ್ ಮಾಡಿ ಅಥವಾ ಕ್ಯಾಮೆರಾಗೆ ಮುಖ ತೋರಿಸಿ. ಆ ಡೇಟಾ ಎಲ್ಲಿ ಹೋಗುತ್ತೆ, ಎಷ್ಟು ದಿನ ಇರುತ್ತೆ, ಸೋರಿದರೆ ಹೊಣೆ ಯಾರು? ವಿಪಿಎನ್ ಹಾಕಿಕೊಂಡು ಗೇಟು ಹಾರುವವರು ಹಾರಿಯೇ ಹಾರುತ್ತಾರೆ. ಖಾಸಗಿತನದ ಹಕ್ಕಿನ ಪರ ಇರುವವರ ಈ ಆಕ್ಷೇಪ ಗಟ್ಟಿಯಾದದ್ದು. ಹಂಗಂತ ಮಕ್ಕಳಿಗೆ ಆಗುವ ಹಾನಿ ಸುಳ್ಳಲ್ಲ. ಮಕ್ಕಳ ಪರ ಅನ್ನುವ ನಿಲುವು ತಾನಾಗಿಯೇ ಒಳ್ಳೆಯ ಕಾನೂನಾಗಿ ಬಿಡಲ್ಲ ಅನ್ನುವುದಕ್ಕೆ ಇದು ಉದಾಹರಣೆ. ಒಳ್ಳೆಯ ಉದ್ದೇಶದ ನಿಷೇಧ ಮತ್ತು ಒಳ್ಳೆಯ ಕಾರ್ಯಕ್ರಮಕ್ಕೆ ದುಡ್ಡು, ಇವೆರಡರಲ್ಲಿ ಸರ್ಕಾರಗಳಿಗೆ ಮೊದಲನೆಯದೇ ಸಲೀಸು. ಅದಕ್ಕೆ ಖಜಾನೆಯಿಂದ ಹೆಚ್ಚೇನೂ ತೆಗೆಯಬೇಕಿಲ್ಲ.

ವಿಂಡ್ರಷ್: ಕಂಚಿನ ಪ್ರತಿಮೆ ಮತ್ತು ಕಾಗದದ ಪುರಾವೆ

ಈ ಬದುಕಿನ ಅತ್ಯಂತ ಇಕ್ಕಟ್ಟಿನ ಅಧ್ಯಾಯ ಬಹುಶಃ ಇದು.

2012ರಿಂದ ಬ್ರಿಟನ್ ಅಕ್ರಮ ವಲಸಿಗರಿಗೆ 'ಪ್ರತಿಕೂಲ ವಾತಾವರಣ' ಸೃಷ್ಟಿಸುವ ನೀತಿ ತಂದಿತು. ಗೃಹ ಸಚಿವೆ ಆಗಿದ್ದವರು ತೆರೇಸಾ ಮೇ. 2014ರ ವಲಸೆ ಕಾಯ್ದೆಯ ನಂತರ ಬಾಡಿಗೆ ಮನೆ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ದಾಖಲೆ ತೋರಿಸುವ ಪಾಡು. ಬಾಲ್ಯದಲ್ಲಿ ಅಪ್ಪ-ಅಮ್ಮನ ಜೊತೆ ಕೆರಿಬಿಯನ್‌ನಿಂದ ಬಂದು, ದಶಕಗಟ್ಟಲೆ ದುಡಿದು ತೆರಿಗೆ ಕಟ್ಟಿದವರ ಹತ್ತಿರ ಆ ದಾಖಲೆ ಇರಲಿಲ್ಲ. ಅವರು ಬಂದಿಳಿದ ದಿನಾಂಕಕ್ಕೆ ಪುರಾವೆಯಾಗಬಹುದಿದ್ದ ಹಳೆಯ ಚೀಟಿಗಳನ್ನು 2010ರಲ್ಲಿ ಗೃಹ ಇಲಾಖೆಯೇ ನಾಶ ಮಾಡಿತ್ತು. ಕಾನೂನುಬದ್ಧ ನಿವಾಸಿಗಳು ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕೆಲವರನ್ನು ಬಂಧಿಸಿದರು, ಕೆಲವರನ್ನು ದೇಶದಿಂದಲೇ ಹೊರಹಾಕಿದರು. 2018ರಲ್ಲಿ ಇದು 'ವಿಂಡ್ರಷ್ ಹಗರಣ' ಅಂತ ಸ್ಫೋಟಿಸಿತು. ಕಾಗದ ತೋರಿಸು ಅನ್ನುವ ರಾಜಕಾರಣ ಹೇಗಿರುತ್ತೆ ಅಂತ ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ.

1960ರಲ್ಲಿ ಹತ್ತು ವರ್ಷದವರಾಗಿದ್ದಾಗ ಬಂದಿಳಿದ ಫ್ಲೋಯೆಲಾ ಇದೇ ತಲೆಮಾರಿನ ಮಗು. ಅದೇ ತೆರೇಸಾ ಮೇ ಪ್ರಧಾನಿ ಆಗಿದ್ದಾಗ ರಚನೆಯಾದ ವಿಂಡ್ರಷ್ ಸ್ಮರಣೆ ಸಮಿತಿಯ ಅಧ್ಯಕ್ಷತೆ ಅವರಿಗೆ ಬಂತು. ಸರ್ಕಾರದ 10 ಲಕ್ಷ ಪೌಂಡ್ ವೆಚ್ಚದಲ್ಲಿ, ಜಮೈಕಾದ ಶಿಲ್ಪಿ ಬೇಸಿಲ್ ವಾಟ್ಸನ್ ಮಾಡಿದ ಕಂಚಿನ ಸ್ಮಾರಕ 2022ರ ಜೂನ್ 22ರಂದು ವಾಟರ್‌ಲೂ ರೈಲು ನಿಲ್ದಾಣದಲ್ಲಿ ಅನಾವರಣಗೊಂಡಿತು. ಸೂಟ್‌ಕೇಸ್‌ಗಳ ರಾಶಿಯ ಮೇಲೆ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿ ಕೈಕೈ ಹಿಡಿದು ನಿಂತ ಗಂಡಸು, ಹೆಂಗಸು, ಮಗು. ಇದೇ ಲ್ಯಾಂಬೆತ್ ಪ್ರದೇಶದಲ್ಲಿ, ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನ ಪ್ರತಿಮೆಯೂ ಇದೆ. ಲಂಡನ್ನಿಗೆ ಹೋಗುವ ಕನ್ನಡಿಗರು ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನು ಮೇಲೆ ವಾಟರ್‌ಲೂವರೆಗೂ ನಡೆದುಕೊಂಡು ಹೋಗಿ ಬರಬಹುದು.

ವಿರೋಧವೂ ಇತ್ತು. ಸಂತ್ರಸ್ತರಿಗೆ ಪರಿಹಾರ ಬಾಕಿ ಇರುವಾಗ ಪ್ರತಿಮೆ ಯಾಕೆ ಅನ್ನುವ ಪ್ರಶ್ನೆ ಅದು. ಪ್ರಶ್ನೆಯಲ್ಲಿ ಹುರುಳಿದೆ. 2019ರಲ್ಲಿ ಶುರುವಾದ ಪರಿಹಾರ ಯೋಜನೆ ಎಷ್ಟು ಹದಗೆಟ್ಟಿತ್ತು ಅಂದರೆ, ಅದನ್ನು ಗೃಹ ಇಲಾಖೆಯ ಕೈಯಿಂದಲೇ ತೆಗೆದು ಸ್ವತಂತ್ರ ಸಂಸ್ಥೆಗೆ ಕೊಡಿ ಅಂತ ಸಂಸದೀಯ ಗೃಹ ವ್ಯವಹಾರಗಳ ಸಮಿತಿ 2021ರ ನವೆಂಬರ್‌ನಲ್ಲಿ ಶಿಫಾರಸು ಮಾಡಿತು. ಪರಿಹಾರ ಕೈಸೇರುವ ಮುಂಚೆಯೇ ತೀರಿಕೊಂಡವರಿದ್ದರು. ಆದರೂ ಸರ್ಕಾರ ಯೋಜನೆಯನ್ನು ಗೃಹ ಇಲಾಖೆಯಲ್ಲೇ ಉಳಿಸಿಕೊಂಡಿತು.

ಕುರ್ಚಿಯ ಬೆಲೆ

ಹಾಗಾದರೆ ಫ್ಲೋಯೆಲಾ ಒಳಗೆ ಹೋಗಿದ್ದು ಸರಿಯೋ ತಪ್ಪೋ?

ಆಕ್ಷೇಪಗಳನ್ನು ಮೊದಲು ನೇರವಾಗಿ ಹೇಳೋಣ. ಲಾರ್ಡ್ಸ್ ಚುನಾಯಿತ ಸಭೆ ಅಲ್ಲ. ಅವರು ಸೇರಿದ 2010ರಲ್ಲೇ ಅವರ ಪಕ್ಷ ಕನ್ಸರ್ವೇಟಿವ್‌ಗಳ ಜೊತೆ ಸರ್ಕಾರ ಮಾಡಿತು. ಶುಲ್ಕ ಏರಿಸಲ್ಲ ಅಂತ ವಿದ್ಯಾರ್ಥಿಗಳಿಗೆ ಕೊಟ್ಟಿದ್ದ ಮಾತು ಮುರಿದು, ವಿಶ್ವವಿದ್ಯಾಲಯ ಶುಲ್ಕದ ಮಿತಿಯನ್ನು 9,000 ಪೌಂಡ್‌ಗೆ ಏರಿಸುವುದರಲ್ಲಿ ಪಾಲುದಾರ ಆಯಿತು. 2014ರ ವಲಸೆ ಕಾಯ್ದೆ ಬಂದಿದ್ದೂ ಇದೇ ಮೈತ್ರಿ ಸರ್ಕಾರದಲ್ಲಿ. 2015ರ ಚುನಾವಣೆಯಲ್ಲಿ ಆ ಪಕ್ಷ 57 ಸ್ಥಾನದಿಂದ 8ಕ್ಕೆ ಇಳಿಯಿತು. ಫ್ಲೋಯೆಲಾ ಪಡೆದ ಬಿರುದುಗಳಲ್ಲೂ ಸಾಮ್ರಾಜ್ಯದ ಹೆಸರಿದೆ: 2001ರಲ್ಲಿ ಒಬಿಇ, 2020ರಲ್ಲಿ ಡೇಮ್. ಎರಡರಲ್ಲೂ 'ಬ್ರಿಟಿಷ್ ಎಂಪೈರ್' ಅಂತ ಬರುತ್ತೆ. ಇಂಥ ಬಿರುದು ಬೇಡ ಅಂತ ತಿರಸ್ಕರಿಸಿದ ಕಪ್ಪು ಕವಿ ಬೆಂಜಮಿನ್ ಜೆಫನಾಯಾ ಅವರಂಥವರೂ ಅದೇ ದೇಶದಲ್ಲಿ ಇದ್ದರು. ಪಟ್ಟಾಭಿಷೇಕದಲ್ಲಿ ಒಬ್ಬ ಕಪ್ಪು ಮಹಿಳೆಯ ಕೈಗೆ ರಾಜದಂಡ ಕೊಟ್ಟ ಮಾತ್ರಕ್ಕೆ ರಾಜಪ್ರಭುತ್ವದ ಲೆಕ್ಕ ಚುಕ್ತಾ ಆಗಲ್ಲ.

ಇನ್ನೊಂದು ಬದಿ. ಸ್ಟುಡಿಯೋದಲ್ಲಿ 'ಈ ಚಿತ್ರದಲ್ಲಿ ಎಲ್ಲರೂ ಬಿಳಿಯರೇ ಯಾಕೆ?' ಅಂತ ಕೇಳಿದ ಅದೇ ಕ್ರಮವನ್ನು ಅವರು ಸಂಸತ್ತಿಗೂ ಒಯ್ದರು. 'ಈ ಕಾಯ್ದೆಯಲ್ಲಿ ಮಕ್ಕಳೆಲ್ಲಿ?' ಅನ್ನುವ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಸೂದೆಗಳ ಮುಂದೆ ಇಟ್ಟರು. ಮಕ್ಕಳಿಗೆ ಮತ ಇಲ್ಲ, ಕೊಳ್ಳುವ ಶಕ್ತಿ ಇಲ್ಲ, ಒಕ್ಕೂಟ ಇಲ್ಲ. ಮತಕ್ಕಾಗಿ ಓಡಾಡಬೇಕಿಲ್ಲದ ಸಭೆಯಲ್ಲಿ ಕೂತವರೊಬ್ಬರು ಮತವೇ ಇಲ್ಲದವರ ಪರ ಮಾತಾಡಿದ್ದು ಆ ಸಭೆಗೆ ಸಮರ್ಥನೆ ಆಗಲಾರದು. ಆ ಕುರ್ಚಿಯ ಸದ್ಬಳಕೆಯಂತೂ ಹೌದು. 'ಪ್ಲೇ ಸ್ಕೂಲ್' ನೋಡಿ ಬೆಳೆದ ದೊಡ್ಡವರನ್ನು ಅವರು ಈಗಲೂ 'ನನ್ನ ಪ್ಲೇ ಸ್ಕೂಲ್ ಮಕ್ಕಳು' ಅನ್ನುತ್ತಾರೆ. ಆ ಮಕ್ಕಳಲ್ಲಿ ಸಚಿವರೂ, ಸಂಪಾದಕರೂ, ಚಾನೆಲ್ ಮುಖ್ಯಸ್ಥರೂ ಇದ್ದಾರೆ. ಬಾಗಿಲು ತಟ್ಟಿದರೆ ಅವರಲ್ಲಿ ಹಲವರು ತೆರೆಯುತ್ತಾರೆ. ಪಕ್ಷದ ಬಲಕ್ಕಿಂತ ಅವರ ನಿಜವಾದ ರಾಜಕೀಯ ಬಂಡವಾಳ ಇದು.

ಆ ಬಂಡವಾಳದ ಮಿತಿಯೂ ಕಣ್ಣೆದುರಿಗಿದೆ. ಮುಖ, ನೆನಪು, ಗೌರವಕ್ಕೆ ವ್ಯವಸ್ಥೆ ಬೇಗ ಒಪ್ಪಿತು: ಸ್ಮಾರಕ ಎದ್ದಿತು, 2022ರಲ್ಲಿ ಆರ್ಡರ್ ಆಫ್ ಮೆರಿಟ್ ಬಂತು, 2024ರಲ್ಲಿ ಬಾಫ್ಟಾ ಫೆಲೋಶಿಪ್ ಬಂತು. ದುಡ್ಡು ಮತ್ತು ಹೊಣೆ ಕೇಳಿದಾಗ ಮಾತ್ರ ಕೈ ಹಿಂದೆ ಸರಿಯಿತು. ಮಕ್ಕಳ ಕಾರ್ಯಕ್ರಮದ ನಿಧಿ ಮುಚ್ಚಿದ್ದೂ, ಫ್ಲೋಯೆಲಾಗೆ ಆರ್ಡರ್ ಆಫ್ ಮೆರಿಟ್ ಸಿಕ್ಕಿದ್ದೂ ಒಂದೇ ವರ್ಷ.

ಪ್ರಾತಿನಿಧ್ಯದ ಯಾವುದೇ ಸಂಭ್ರಮದ ಸುದ್ದಿ ಓದುವಾಗಲೂ ಈ ಅಳತೆಗೋಲು ಜೊತೆಗಿರಲಿ. ಕುರ್ಚಿ ಸಿಕ್ಕಿತಾ? ಸರಿ. ಆ ಕುರ್ಚಿಯಿಂದ ಕೇಳಿದ ಪ್ರಶ್ನೆಗೆ ಬಜೆಟ್‌ನಲ್ಲಿ ಒಂದು ಸಾಲು ಸಿಕ್ಕಿತಾ? ಫ್ಲೋಯೆಲಾ ಬೆಂಜಮಿನ್ ವಿಷಯದಲ್ಲಿ ಸಿಕ್ಕಿತ್ತು, ಮೂರು ವರ್ಷದ ಮಟ್ಟಿಗೆ. ಅದು ಮತ್ತೆ ಬೇಕು ಅಂತ ಅವರು ಇನ್ನೂ ಕೇಳುತ್ತಲೇ ಇದ್ದಾರೆ.